ಮನೆಯಲ್ಲೇ ಡಯಾಲಿಸಿಸ್: ಫೋನಿನ ಆ ತುದಿಯಲ್ಲಿ ಯಾರಿದ್ದಾರೆ?

ಮೂತ್ರಪಿಂಡ ವೈಫಲ್ಯಕ್ಕೆ ತುತ್ತಾದ ಬಡವರಿಗಾಗಿ ಸರ್ಕಾರಗಳು ಏನೂ ಮಾಡಿಲ್ಲವೆಂದರೆ ಅದು ಅನ್ಯಾಯದ ಮಾತಾದೀತು. 2016-17ರ ಕೇಂದ್ರ ಮುಂಗಡಪತ್ರವನ್ನು ಮಂಡಿಸುತ್ತ ಅಂದಿನ ಹಣಕಾಸು ಸಚಿವ ಅರುಣ್ ಜೇಟ್ಲಿ ಅವರು ಸಂಸತ್ತಿನ ಮುಂದೆ ಒಂದು ಲೆಕ್ಕವನ್ನು ಇಟ್ಟಿದ್ದರು. ದೇಶದಲ್ಲಿ ಪ್ರತಿವರ್ಷ 2.2 ಲಕ್ಷ ಮಂದಿ ಹೊಸದಾಗಿ ಮೂತ್ರಪಿಂಡ ವೈಫಲ್ಯದ ಕೊನೆಯ ಹಂತ ತಲುಪುತ್ತಾರೆ, ಅವರಿಂದಾಗಿ ವರ್ಷಕ್ಕೆ 3.4 ಕೋಟಿ ಡಯಾಲಿಸಿಸ್‌ಗಳ ಹೆಚ್ಚುವರಿ ಬೇಡಿಕೆ ಉಂಟಾಗುತ್ತದೆ, ಅದರಲ್ಲಿ ಅರ್ಧದಷ್ಟು ಮಾತ್ರ ಪೂರೈಕೆಯಾಗುತ್ತಿದೆ ಎಂಬುದು ಆ ಲೆಕ್ಕ. ಒಂದು ಸಲಕ್ಕೆ ಸುಮಾರು 2,000 ರೂಪಾಯಿ, ವರ್ಷಕ್ಕೆ 3 ಲಕ್ಷ ರೂಪಾಯಿಗೂ ಮಿಗಿಲಾದ ವೆಚ್ಚ ಎಂದೂ ಅವರು ಹೇಳಿದ್ದರು. ಆ ಭಾಷಣದಿಂದ ಹುಟ್ಟಿದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವು ಜಿಲ್ಲಾ ಆಸ್ಪತ್ರೆಗಳಿಗೆ ಯಂತ್ರಗಳನ್ನು ತಂದಿತು. ಕರ್ನಾಟಕವು ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಡಯಾಲಿಸಿಸ್ ಘಟಕಗಳನ್ನು ತೆರೆದಿದೆ. ಒಮ್ಮೆ ಮಾತ್ರ ಬಳಸಿ ಎಸೆಯುವ ಡಯಲೈಸರ್‌ಗಳನ್ನು ಸರ್ಕಾರಿ ಘಟಕಗಳಲ್ಲಿ ಜಾರಿಗೆ ತಂದದ್ದೂ ಸ್ವಾಗತಾರ್ಹ ಕ್ರಮವೇ.

ಆದರೆ ಯಂತ್ರವು ತಾಲ್ಲೂಕು ಕೇಂದ್ರದವರೆಗೆ ಬಂದು ನಿಂತಿದೆ. ರೋಗಿ ಇರುವುದು ಅಲ್ಲಿಂದ ಆಚೆಗೆ.

ಜಮಖಂಡಿ ತಾಲ್ಲೂಕಿನ ಸಾವಳಗಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕೃಷ್ಣೆಯ ಉತ್ತರ ಭಾಗದಲ್ಲಿರುವ ಈ ಹೋಬಳಿ ಕೇಂದ್ರವು ಜಮಖಂಡಿಗೂ ವಿಜಯಪುರಕ್ಕೂ ನಡುವೆ ಇದೆ. ಸುತ್ತಲಿನ ದ್ರಾಕ್ಷಿ, ಕಬ್ಬಿನ ಹೊಲಗಳಲ್ಲಿ ಕುಟುಂಬಗಳು ಊರೊಳಗಿರುವುದಕ್ಕಿಂತ ತೋಟದ ವಸತಿಗಳಲ್ಲೇ ಹೆಚ್ಚಾಗಿ ಚದುರಿಕೊಂಡಿವೆ. ಇಲ್ಲಿನ ಒಬ್ಬ ರೋಗಿಗೆ ವೈದ್ಯರು ವಾರಕ್ಕೆ ಮೂರು ಸಲ ಡಯಾಲಿಸಿಸ್ ಎಂದು ಬರೆದುಕೊಟ್ಟರೆ ವರ್ಷಕ್ಕೆ 156 ಸಲ ಪ್ರಯಾಣ ಮಾಡಬೇಕಾಗುತ್ತದೆ. ಪ್ರತಿ ಸಲವೂ ಯಂತ್ರದ ಮುಂದೆ ಸುಮಾರು ನಾಲ್ಕು ಗಂಟೆ. ಹೋಗಿ ಬರುವುದು, ಸರದಿಗಾಗಿ ಕಾಯುವುದು, ಮುಗಿದ ಬಳಿಕ ಸುಸ್ತಿನಿಂದ ಚೇತರಿಸಿಕೊಳ್ಳುವುದು ಎಲ್ಲ ಸೇರಿ ಇಡೀ ದಿನ ಕಳೆದುಹೋಗುತ್ತದೆ. ಜೊತೆಗೆ ಹೋಗುವ ಮನೆಯವರ ದಿನವೂ ಅಷ್ಟೇ. ಕಬ್ಬು ಕಟಾವಿನ ತಿಂಗಳುಗಳಲ್ಲಿ ಜಮಖಂಡಿ, ಮುಧೋಳ ಭಾಗದ ರಸ್ತೆಗಳಲ್ಲಿ ಟ್ರ್ಯಾಕ್ಟರುಗಳ ಹಿಂದೆ ಸಾಗಿದವರಿಗೆ ಈ ಪ್ರಯಾಣದ ಸ್ವರೂಪವನ್ನು ವಿವರಿಸಬೇಕಾಗಿಲ್ಲ. ಚಿಕಿತ್ಸೆ ಉಚಿತವಾಗಿದ್ದರೂ ಬಸ್ಸಿನ ಖರ್ಚು, ಕಳೆದ ಕೂಲಿ ಉಚಿತವಲ್ಲ. ಹೀಗಾಗಿ ಮೂರು ಸಲ ಎರಡಾಗುತ್ತದೆ, ಎರಡು ಒಂದಾಗುತ್ತದೆ. ಆ ಬಳಿಕ ನಡೆಯುವುದು ಸರ್ಕಾರದ ಯಾವ ಅಂಕಿಅಂಶದಲ್ಲಿಯೂ 'ಡಯಾಲಿಸಿಸ್ ಸಿಗದೆ ಸಾವು' ಎಂದು ದಾಖಲಾಗುವುದಿಲ್ಲ.

ಚೀಲದಲ್ಲಿ ಬರುವ ಚಿಕಿತ್ಸೆ

ಇದಕ್ಕೆ ಪರ್ಯಾಯ ಇಲ್ಲವೆಂದಲ್ಲ. ಉದರ ಡಯಾಲಿಸಿಸ್ ಅಥವಾ ಪೆರಿಟೋನಿಯಲ್ ಡಯಾಲಿಸಿಸ್ ಎಂಬ ವಿಧಾನದಲ್ಲಿ ರಕ್ತವನ್ನು ಹೊರತೆಗೆದು ಯಂತ್ರಕ್ಕೆ ಹಾಯಿಸುವ ಅಗತ್ಯವೇ ಬೀಳುವುದಿಲ್ಲ. ಹೊಟ್ಟೆಯೊಳಗಿನ ಪೊರೆಯೇ ಸೋಸುವ ಜರಡಿಯಾಗುತ್ತದೆ. ಶಸ್ತ್ರಕ್ರಿಯೆಯ ಮೂಲಕ ಹೊಟ್ಟೆಗೆ ಒಂದು ಮೆತ್ತನೆಯ ಕೊಳವೆ ಕೂಡಿಸಲಾಗುತ್ತದೆ. ಅದರ ಮೂಲಕ ಸಾಮಾನ್ಯವಾಗಿ ಎರಡು ಲೀಟರ್ ದ್ರಾವಣವನ್ನು ಒಳಗೆ ಬಿಟ್ಟು, ಕೆಲವು ಗಂಟೆಗಳ ಕಾಲ ಅಲ್ಲೇ ಇರಿಸಿ, ಕಶ್ಮಲದೊಡನೆ ಹೊರಬಿಡಬೇಕು. ದಿನಕ್ಕೆ ಮೂರು ಅಥವಾ ನಾಲ್ಕು ಸಲ ಈ ಬದಲಾವಣೆ ನಡೆಯಬೇಕು. ಪ್ರತಿಯೊಂದಕ್ಕೂ ಅರ್ಧ ಗಂಟೆಯಷ್ಟು ಸಮಯ ಸಾಕು. ವಿದ್ಯುತ್ ಬೇಡ. ಗುರುತ್ವಾಕರ್ಷಣೆಯೇ ಕೆಲಸ ಮಾಡುತ್ತದೆ. ಮೊಳೆಗೆ ನೇತುಹಾಕಿದ ಚೀಲದಿಂದ ಒಳಕ್ಕೆ, ನೆಲದ ಮೇಲಿನ ಚೀಲಕ್ಕೆ ಹೊರಕ್ಕೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಪೊಪೊವಿಚ್ ಮತ್ತು ಮಾನ್‌ಕ್ರೀಫ್ ಅವರು 1976ರಲ್ಲಿ ಈ ನಿರಂತರ ವಿಧಾನವನ್ನು ಮುಂದಿಟ್ಟರು. ಕೆನಡಾದ ಟೊರಾಂಟೊದಲ್ಲಿ ಒರಿಯೊಪೊಲಸ್ ಅವರು ಗಾಜಿನ ಸೀಸೆಗಳ ಬದಲು ಪ್ಲಾಸ್ಟಿಕ್ ಚೀಲಗಳನ್ನು ಬಳಸಿದ ಮೇಲೆ ಅದು ನಿಜಕ್ಕೂ ಮನೆಯ ಚಿಕಿತ್ಸೆಯಾಯಿತು.

ರಾತ್ರಿ ಮಲಗಿರುವಾಗ ಯಂತ್ರವೇ ದ್ರಾವಣವನ್ನು ಬದಲಾಯಿಸುವ ಸ್ವಯಂಚಾಲಿತ ವಿಧಾನವೂ ಇದೆ. ಅದಕ್ಕೆ ರಾತ್ರಿಯಿಡೀ ವಿದ್ಯುತ್ ಬೇಕು, ಯಂತ್ರದ ಬೆಲೆಯೂ ದೊಡ್ಡದು. ತೋಟದ ವಸತಿಗಳ ಮಟ್ಟಿಗೆ ಅದನ್ನು ಸದ್ಯಕ್ಕೆ ಬದಿಗಿಡುವುದೇ ಲೇಸು.

ಕೇಂದ್ರ ಆರೋಗ್ಯ ಸಚಿವಾಲಯವು 2019ರಲ್ಲಿ ಉದರ ಡಯಾಲಿಸಿಸ್ ಅನ್ನು ರಾಷ್ಟ್ರೀಯ ಕಾರ್ಯಕ್ರಮದ ವ್ಯಾಪ್ತಿಗೆ ತರುವ ಮಾರ್ಗಸೂಚಿಯನ್ನು ಹೊರಡಿಸಿತು. ಅಂದರೆ ನೀತಿಯ ಮಟ್ಟದಲ್ಲಿ ಬಾಗಿಲು ತೆರೆದು ಹಲವು ವರ್ಷಗಳೇ ಆಗಿವೆ. ಹಾಗಿದ್ದೂ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಡಯಾಲಿಸಿಸ್ ಎಂದರೆ ಇಂದಿಗೂ ಆಸ್ಪತ್ರೆಯ ಯಂತ್ರ ಎಂದೇ ಅರ್ಥ. ಏಕೆ?

ಬೆಲೆ ಒಂದು ಕಾರಣ. ದಿನಕ್ಕೆ ನಾಲ್ಕು ಚೀಲದಂತೆ ತಿಂಗಳಿಗೆ 120 ಚೀಲ. ದ್ರಾವಣವೇ 240 ಲೀಟರ್. ಸ್ವಂತ ಖರ್ಚಿನಲ್ಲಿ ಮಾಡಿಸಿಕೊಳ್ಳುವವರಿಗೆ ತಿಂಗಳ ವೆಚ್ಚ ಇಪ್ಪತ್ತು ಸಾವಿರ ರೂಪಾಯಿ ದಾಟುವುದು ಸಾಮಾನ್ಯ. ಆದರೆ ಬೆಲೆಯ ಪ್ರಶ್ನೆಯನ್ನು ಸರ್ಕಾರವು ಮನಸ್ಸು ಮಾಡಿದರೆ ಸಗಟು ಖರೀದಿಯ ಮೂಲಕ ಬಿಡಿಸಬಹುದು. ಅದಕ್ಕಿಂತ ಗಟ್ಟಿಯಾದ ಕಾರಣ ಬೇರೆಯಿದೆ. ವೈದ್ಯರಿಗೆ ರೋಗಿಯನ್ನು ಈ ಚಿಕಿತ್ಸೆಗೆ ಹಚ್ಚಿ ಮನೆಗೆ ಕಳುಹಿಸಲು ಧೈರ್ಯ ಬರುವುದಿಲ್ಲ, ರೋಗಿಗೆ ಹೋಗಲು ಧೈರ್ಯ ಬರುವುದಿಲ್ಲ. ಏನಾದರೂ ಹೆಚ್ಚುಕಡಿಮೆಯಾದರೆ ಯಾರನ್ನು ಕೇಳಬೇಕು ಎಂಬ ಪ್ರಶ್ನೆಗೆ ಇಬ್ಬರ ಬಳಿಯೂ ಉತ್ತರವಿಲ್ಲ. ದೂರದಿಂದಲೇ ರೋಗಿಯ ಬೆನ್ನಿಗೆ ನಿಲ್ಲುವ ವ್ಯವಸ್ಥೆ ಮುಖ್ಯವಾಗುವುದು ಇಲ್ಲಿಯೇ. ಇದನ್ನು ಚಿಕಿತ್ಸೆಗೆ ಸೇರಿಸಿದ ಹೆಚ್ಚುವರಿ ಸೌಲಭ್ಯವೆಂದು ತಿಳಿಯುವುದು ತಪ್ಪು. ಚೀಲದಷ್ಟೇ ಅದು ಚಿಕಿತ್ಸೆಯ ಭಾಗ.

ಗಂಟೆಗಳ ಲೆಕ್ಕ

ಉದರ ಡಯಾಲಿಸಿಸ್‌ನ ದೊಡ್ಡ ಶತ್ರು ಹೊಟ್ಟೆಯ ಪೊರೆಗೆ ತಗಲುವ ಸೋಂಕು. ಕೈ ಸರಿಯಾಗಿ ತೊಳೆಯದೆ ಕೊಳವೆಯ ತುದಿಯನ್ನು ಮುಟ್ಟಿದರೆ, ಬಾಗಿಲು ತೆರೆದು ಫ್ಯಾನ್ ಹಾಕಿಕೊಂಡು ಚೀಲ ಬದಲಾಯಿಸಿದರೆ ಸೂಕ್ಷ್ಮಜೀವಿಗಳು ಒಳಸೇರಬಹುದು. ಮೊದಲ ಲಕ್ಷಣ ಬಹಳ ಸರಳವಾದದ್ದು. ಹೊರಬಂದ ದ್ರಾವಣ ತಿಳಿಯಾಗಿರದೆ ಅಕ್ಕಿ ತೊಳೆದ ನೀರಿನಂತೆ ಮಸುಕಾಗುತ್ತದೆ. ಇದನ್ನು ಪರೀಕ್ಷಿಸಲು ದಾದಿಯರು ಕಲಿಸುವ ಉಪಾಯವೊಂದಿದೆ: ಚೀಲದ ಅಡಿಯಲ್ಲಿ ದಿನಪತ್ರಿಕೆಯ ಹಾಳೆ ಇಟ್ಟು ನೋಡಬೇಕು, ಅಕ್ಷರಗಳು ಓದಲು ಬಂದರೆ ಚಿಂತೆಯಿಲ್ಲ. (ಮುದ್ರಿತ ಪತ್ರಿಕೆಗಳು ಒಂದೊಂದಾಗಿ ಕಡಿಮೆಯಾಗುತ್ತಿರುವ ಈ ಕಾಲದಲ್ಲಿ ಅವುಗಳಿಗೆ ಉಳಿದಿರುವ ಇಂಥದೊಂದು ಉಪಯೋಗವನ್ನು ಹೇಳದಿರಲು ನಮಗೆ ಮನಸ್ಸಾಗಲಿಲ್ಲ.)

ಅಕ್ಷರ ಕಾಣದಿದ್ದರೆ ಮುಂದೇನು ಎಂಬಲ್ಲಿ ಗಂಟೆಗಳ ಲೆಕ್ಕ ಆರಂಭವಾಗುತ್ತದೆ. ಆ ದ್ರಾವಣದ ಮಾದರಿಯನ್ನು ತೆಗೆದು ಬಿಳಿ ರಕ್ತಕಣಗಳನ್ನು ಎಣಿಸಬೇಕು. ಒಂದು ಮೈಕ್ರೋಲೀಟರ್‌ನಲ್ಲಿ ನೂರಕ್ಕಿಂತ ಹೆಚ್ಚಿದ್ದು, ಅದರಲ್ಲಿ ಅರ್ಧಕ್ಕೂ ಹೆಚ್ಚು ನ್ಯೂಟ್ರೋಫಿಲ್‌ಗಳಾಗಿದ್ದರೆ ಸೋಂಕೆಂದೇ ತಿಳಿಯಬೇಕು. ಕಲ್ಚರ್‌ಗೆ ಮಾದರಿ ಕಳುಹಿಸಿ, ಅದರ ಫಲಿತಾಂಶಕ್ಕೆ ಕಾಯದೆ ಪ್ರತಿಜೈವಿಕ ಔಷಧವನ್ನು ದ್ರಾವಣದೊಂದಿಗೇ ಹೊಟ್ಟೆಗೆ ಸೇರಿಸಬೇಕು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು, ರೋಗಿಯು ಆಸ್ಪತ್ರೆ ತಲುಪಿದ ಮೇಲೆ ಔಷಧ ಕೊಡುವಲ್ಲಿ ಆಗುವ ಪ್ರತಿ ಒಂದು ಗಂಟೆಯ ವಿಳಂಬಕ್ಕೂ ಈ ಚಿಕಿತ್ಸೆ ವಿಫಲವಾಗುವ ಅಥವಾ ರೋಗಿ ಸಾಯುವ ಸಂಭವ ಶೇ 5.5ರಷ್ಟು ಹೆಚ್ಚುತ್ತದೆಂದು ಕಂಡುಕೊಂಡಿತು. ಆಸ್ಪತ್ರೆ ತಲುಪಿದ ಮೇಲಿನ ಲೆಕ್ಕ ಇದು. ಸಾವಳಗಿಯ ರೋಗಿಗೆ ತಲುಪುವ ಮೊದಲಿನ ಗಂಟೆಗಳೂ ಇವೆ. ರಾತ್ರಿ ಹತ್ತಕ್ಕೆ ಚೀಲ ಮಸುಕಾಗಿದ್ದನ್ನು ಕಂಡು, ಬೆಳಿಗ್ಗೆ ನೋಡೋಣವೆಂದು ಮಲಗಿ, ಬೆಳಿಗ್ಗೆ ಸ್ಥಳೀಯ ವೈದ್ಯರಲ್ಲಿ ಹೊಟ್ಟೆನೋವಿನ ಚುಚ್ಚುಮದ್ದು ತೆಗೆದುಕೊಂಡು, ಸಂಜೆಗೆ ಜ್ವರ ಬಂದಮೇಲೆ ವಿಜಯಪುರಕ್ಕೋ ಬೆಳಗಾವಿಗೋ ಹೊರಡುವುದು ನಮ್ಮಲ್ಲಿ ತೀರ ಸಹಜವಾದ ನಡವಳಿಕೆ. ಈ ಸಹಜತೆಯೇ ಪ್ರಾಣಕ್ಕೆ ಎರವಾಗುತ್ತದೆ.

ಆದ್ದರಿಂದ ದೂರದ ನಿಗಾ ಎಂದರೆ ಮೊಬೈಲ್ ಪರದೆಯ ಮೇಲೆ ಬಣ್ಣಬಣ್ಣದ ರೇಖಾಚಿತ್ರಗಳೆಂದು ಭಾವಿಸಬೇಕಾಗಿಲ್ಲ. ರೋಗಿಯು ದಿನವೂ ತನ್ನ ತೂಕ, ರಕ್ತದೊತ್ತಡ, ಬಳಸಿದ ಚೀಲದ ಸಕ್ಕರೆಯ ಪ್ರಮಾಣ, ಒಳಗೆ ಬಿಟ್ಟ ಹಾಗೂ ಹೊರಬಂದ ದ್ರಾವಣದ ಅಳತೆ ಇಷ್ಟನ್ನು ಬರೆದಿಟ್ಟು ತಿಳಿಸಿದರೆ ಸಾಕು. ತೂಕ ಎರಡು ದಿನದಲ್ಲಿ ಎರಡು ಕಿಲೋ ಏರಿದ್ದರೆ ಮೈಯಲ್ಲಿ ನೀರು ನಿಲ್ಲುತ್ತಿದೆಯೆಂದು ದಾದಿಗೆ ಗೊತ್ತಾಗುತ್ತದೆ. ಹೆಚ್ಚು ಸಕ್ಕರೆಯ ಚೀಲ ಬಳಸಲು ವೈದ್ಯರನ್ನು ಕೇಳಿ ಹೇಳಬಹುದು. ದ್ರಾವಣ ಪೂರ್ತಿ ಹೊರಬರುತ್ತಿಲ್ಲವೆಂದರೆ ಎಷ್ಟೋ ಸಲ ಕಾರಣ ಮಲಬದ್ಧತೆಯಷ್ಟೇ ಆಗಿರುತ್ತದೆ. ಅದನ್ನು ಫೋನಿನಲ್ಲೇ ಬಗೆಹರಿಸಿದರೆ ನೂರು ಮೈಲಿಯ ಪ್ರಯಾಣ ಉಳಿಯುತ್ತದೆ. ಕೊಳವೆ ಹೊರಬರುವ ಜಾಗದ ಫೋಟೊ ವಾರಕ್ಕೊಮ್ಮೆ ಬಂದರೆ ಕೆಂಪಾಗಿದೆಯೇ, ಕೀವು ಇದೆಯೇ ತಿಳಿಯುತ್ತದೆ. ಆಹಾರದ ವಿಚಾರವೂ ಇದೆ. ಹಿಮೋಡಯಾಲಿಸಿಸ್ ರೋಗಿಗೆ ಬೇಡವೆಂದ ಎಷ್ಟೋ ಪದಾರ್ಥಗಳು ಉದರ ಡಯಾಲಿಸಿಸ್ ರೋಗಿಗೆ ಬೇಕಾಗಬಹುದು. ದ್ರಾವಣದೊಡನೆ ಪ್ರೋಟೀನ್ ನಿತ್ಯ ಸೋರಿಹೋಗುವುದರಿಂದ ಬೇಳೆ, ಕಾಳು, ಮೊಟ್ಟೆಯನ್ನು ಹೆಚ್ಚಿಸಬೇಕು. ಪಕ್ಕದ ಮನೆಯ ಹಿಮೋಡಯಾಲಿಸಿಸ್ ರೋಗಿಯ ಪಥ್ಯವನ್ನು ನೋಡಿ ಅದನ್ನೇ ಅನುಸರಿಸಿದವನು ಸೊರಗುತ್ತಾನೆ.

ಇಷ್ಟೆಲ್ಲವನ್ನು ಮಾಡಿ ತೋರಿಸಿದವರೂ ಇದ್ದಾರೆ. ಹೈದರಾಬಾದಿನ ಮೂತ್ರಪಿಂಡ ತಜ್ಞರ ತಂಡವೊಂದು ಸಾಮಾನ್ಯ ಮೊಬೈಲ್ ಫೋನ್, ಎಸ್ಸೆಮ್ಮೆಸ್, ಡಿಜಿಟಲ್ ಚಿತ್ರಗಳು ಹಾಗೂ ಮನೆಗೆ ಭೇಟಿ ಕೊಡುವ ತರಬೇತಾದ ಸಂಯೋಜಕರು ಇವಿಷ್ಟನ್ನೇ ಬಳಸಿ ಉದರ ಡಯಾಲಿಸಿಸ್ ರೋಗಿಗಳ ಮೇಲೆ ನಿಗಾ ಇಟ್ಟ ಅನುಭವವನ್ನು 2012ರಲ್ಲಿ ಅಂತರರಾಷ್ಟ್ರೀಯ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿತು. ಹಳ್ಳಿಯ ರೋಗಿಗಳ ಸ್ಥಿತಿ ನಗರದವರಿಗಿಂತ ಕೆಳಗಿರಲಿಲ್ಲ. ಸ್ಮಾರ್ಟ್‌ಫೋನ್ ಹಳ್ಳಿಹಳ್ಳಿಗೆ ಹರಡುವ ಮೊದಲಿನ ಮಾತಿದು. ತಂತ್ರಜ್ಞಾನದ ಕೊರತೆಯೆಂಬ ನೆಪ ಅಂದೇ ಮುಗಿದಿತ್ತು.

ನೆರೆಯ ರಾಜ್ಯ ಮಾಡಿದ್ದು

ತಮಿಳುನಾಡು 2021ರ ಆಗಸ್ಟ್ 5ರಂದು 'ಮಕ್ಕಳೈ ತೇಡಿ ಮರುತ್ತುವಂ' ಎಂಬ ಯೋಜನೆಯನ್ನು ಆರಂಭಿಸಿತು. ಜನರನ್ನು ಹುಡುಕಿಕೊಂಡು ಹೋಗುವ ವೈದ್ಯಕೀಯ ಎಂಬುದು ಅದರ ಅರ್ಥ. ಅದಕ್ಕೆ ಚಾಲನೆ ಸಿಕ್ಕಿದ್ದು ನಮ್ಮ ಗಡಿಗೆ ತಾಗಿಕೊಂಡಿರುವ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ. ರಕ್ತದೊತ್ತಡ, ಮಧುಮೇಹದ ಮಾತ್ರೆಗಳನ್ನು ಮನೆಗೆ ತಲುಪಿಸುವುದರ ಜೊತೆಗೆ, ಹಾಸಿಗೆ ಹಿಡಿದವರ ಆರೈಕೆ, ಫಿಸಿಯೋಥೆರಪಿ ಮತ್ತು ಉದರ ಡಯಾಲಿಸಿಸ್ ಚೀಲಗಳ ವಿತರಣೆಯನ್ನೂ ಯೋಜನೆಯಲ್ಲಿ ಸೇರಿಸಲಾಗಿತ್ತು. ಮೂತ್ರಪಿಂಡ ರೋಗಿಯ ಮನೆಯೇ ಚಿಕಿತ್ಸಾ ಸ್ಥಳವೆಂದು ಒಂದು ರಾಜ್ಯ ಸರ್ಕಾರ ಅಧಿಕೃತವಾಗಿ ಒಪ್ಪಿಕೊಂಡಿದ್ದು ಇದರ ವಿಶೇಷ.

ಕರ್ನಾಟಕವು 2024ರ ಅಕ್ಟೋಬರ್‌ನಲ್ಲಿ ಕೋಲಾರ ಜಿಲ್ಲೆಯಲ್ಲಿ 'ಗೃಹ ಆರೋಗ್ಯ' ಯೋಜನೆಯನ್ನು ಆರಂಭಿಸಿ, 2025ರಲ್ಲಿ ಅದನ್ನು ಇತರ ಜಿಲ್ಲೆಗಳಿಗೂ ವಿಸ್ತರಿಸಿತು. ಆರೋಗ್ಯ ಸಿಬ್ಬಂದಿ ಮನೆಮನೆಗೆ ತೆರಳಿ ಸಾಂಕ್ರಾಮಿಕವಲ್ಲದ ಕಾಯಿಲೆಗಳ ತಪಾಸಣೆ ನಡೆಸುವುದು ಇದರ ಉದ್ದೇಶ. ಮೂತ್ರಪಿಂಡವನ್ನು ಹಾಳುಗೆಡಹುವ ಮಧುಮೇಹ, ರಕ್ತದೊತ್ತಡಗಳನ್ನು ಮೊದಲೇ ಹಿಡಿಯಲು ಇದು ನೆರವಾಗುತ್ತದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮೂತ್ರಪಿಂಡ ಈಗಾಗಲೇ ಸೋತವನ ಮನೆಬಾಗಿಲಿಗೆ ಬಂದಾಗ ಈ ಸಿಬ್ಬಂದಿ ಏನು ಮಾಡಬೇಕು? ಅದೇ ದಾರಿ, ಅದೇ ಮನೆ, ಅದೇ ಕಾರ್ಯಕರ್ತೆ. ಕೊಳವೆಯ ಜಾಗ ನೋಡಿ ಫೋಟೊ ತೆಗೆದು ಕಳುಹಿಸುವ ಕೆಲಸವನ್ನು ಕೂಡಿಸಲು ಹೊಸ ಯೋಜನೆಯೇನೂ ಬೇಕಾಗಿಲ್ಲ. ತರಬೇತಿ ಬೇಕು, ಗೌರವಧನ ಬೇಕು. ಈಗಾಗಲೇ ಹತ್ತಾರು ಸಮೀಕ್ಷೆಗಳ ಹೊರೆ ಹೊತ್ತ ಆಶಾ ಕಾರ್ಯಕರ್ತೆಯ ತಲೆಗೆ ಇನ್ನೊಂದನ್ನು ಬಿಟ್ಟಿಯಾಗಿ ಕಟ್ಟುವುದಾದರೆ ಕಟ್ಟದಿರುವುದೇ ಮೇಲು.

ದೂರವೈದ್ಯವಂತೂ ಈ ರಾಜ್ಯಕ್ಕೆ ಹೊಸದಲ್ಲ. ಇಸ್ರೊ ಸಂಸ್ಥೆಯ ಉಪಗ್ರಹ ಸಂಪರ್ಕದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯವನ್ನು ಚಾಮರಾಜನಗರದ ಜಿಲ್ಲಾ ಆಸ್ಪತ್ರೆಗೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗೂ ಜೋಡಿಸಿದ್ದು 2002ರಲ್ಲಿ. ಹುಬ್ಬಳ್ಳಿಯಲ್ಲಿ 104 ಆರೋಗ್ಯ ಸಹಾಯವಾಣಿ ಕೇಂದ್ರ 2013ರಲ್ಲಿ ಆರಂಭವಾಯಿತು. ಕೇಂದ್ರ ಸರ್ಕಾರದ ಇ-ಸಂಜೀವಿನಿ 2019ರ ನವೆಂಬರ್‌ನಿಂದ ನಡೆದುಬಂದಿದ್ದು, 2020ರ ಏಪ್ರಿಲ್‌ನಲ್ಲಿ ರೋಗಿಗಳು ಮನೆಯಿಂದಲೇ ವೈದ್ಯರನ್ನು ಕಾಣುವ ಸೌಲಭ್ಯವೂ ಅದಕ್ಕೆ ಸೇರಿತು. ಇವೆಲ್ಲ ಉಪಯುಕ್ತವೇ. ಆದರೆ ಡಯಾಲಿಸಿಸ್ ರೋಗಿಯ ದೃಷ್ಟಿಯಿಂದ ಇವುಗಳಲ್ಲಿ ಒಂದು ಕೊರತೆ ಎದ್ದು ಕಾಣುತ್ತದೆ. ಪ್ರತಿ ಸಲವೂ ಹೊಸ ವೈದ್ಯರು, ಹೊಸ ಧ್ವನಿ. ರೋಗಿ ತನ್ನ ಕಥೆಯನ್ನು ಮೊದಲಿನಿಂದ ಹೇಳಬೇಕು. ಕಳೆದ ವಾರ ಆತನ ತೂಕ ಎಷ್ಟಿತ್ತು, ಯಾವ ಚೀಲ ಬಳಸುತ್ತಿದ್ದ, ಹಿಂದೆ ಸೋಂಕು ಬಂದಾಗ ಯಾವ ಔಷಧ ಹಿಡಿಯಿತು ಎಂಬುದು ಆ ತುದಿಯಲ್ಲಿದ್ದವರಿಗೆ ಗೊತ್ತಿರುವುದಿಲ್ಲ. ಭಾಷೆಯ ಮಾತೂ ಸಣ್ಣದಲ್ಲ. 'ಚೀಲದಾಗಿನ ನೀರು ರಾಡಿ ಆಗೇತ್ರಿ' ಎಂದು ಸಾವಳಗಿಯಾಕೆ ಹೇಳಿದರೆ, ಅದನ್ನು ಕೇಳಿದ ಕೂಡಲೇ 'ಅವ್ವಾ, ಆ ಚೀಲಾ ಚೆಲ್ಲಬ್ಯಾಡ, ಹಾಂಗ ಇಟ್ಕೊಂಡು ಈಗಿಂದೀಗ ದವಾಖಾನಿಗೆ ಹೊರಡ್ರಿ' ಎನ್ನಬಲ್ಲ ದಾದಿ ಬೇಕು. ರೋಗಿಯನ್ನು ಬಲ್ಲ, ರೋಗಿಗೂ ಪರಿಚಯವಿರುವ ಒಬ್ಬ ದಾದಿ.

ಕಾನೂನಿನ ತೊಡಕೂ ಇಲ್ಲ. 2020ರ ಮಾರ್ಚ್ 25ರಂದು ಹೊರಬಿದ್ದ ದೂರವೈದ್ಯ ಮಾರ್ಗಸೂಚಿಯು ನೋಂದಾಯಿತ ವೈದ್ಯರು ದೇಶದ ಯಾವುದೇ ಭಾಗದ ರೋಗಿಗೆ ಫೋನ್ ಅಥವಾ ವಿಡಿಯೊ ಮೂಲಕ ಸಲಹೆ ಕೊಡಬಹುದೆಂದು ಸ್ಪಷ್ಟಪಡಿಸಿದೆ. ಮುಖತಃ ನೋಡಿದ ಆರು ತಿಂಗಳೊಳಗೆ ಅದೇ ಕಾಯಿಲೆಗೆ ಅದೇ ವೈದ್ಯರು ನೀಡುವ ಸಲಹೆಯನ್ನು ಅದು ಮುಂದುವರಿದ ಚಿಕಿತ್ಸೆಯೆಂದು ಪರಿಗಣಿಸುತ್ತದೆ. ಆರೋಗ್ಯ ಕಾರ್ಯಕರ್ತರ ಮುಖಾಂತರ ಸಲಹೆ ಪಡೆಯಲೂ ಅವಕಾಶವಿದೆ. ಜಮಖಂಡಿ, ರಬಕವಿ-ಬನಹಟ್ಟಿ ಭಾಗದವರು ದೊಡ್ಡ ಕಾಯಿಲೆಗೆ ಮಿರಜಿನ ಕಡೆ ಮುಖ ಮಾಡುವುದು ತಲೆಮಾರುಗಳ ರೂಢಿ. ಅಲ್ಲಿನ ತಜ್ಞರು ಸಾವಳಗಿಯ ರೋಗಿಯನ್ನು ಫೋನಿನಲ್ಲಿ ನೋಡಿಕೊಳ್ಳುವುದಕ್ಕೆ ರಾಜ್ಯದ ಗಡಿ ಅಡ್ಡಿಯಾಗದು ಎಂಬುದು ಇದರಿಂದ ತಿಳಿಯುತ್ತದೆ.

ಈಗ ಆ ತುದಿಯಲ್ಲಿರುವವರು

ಹಾಗಾದರೆ ಸದ್ಯ ಉದರ ಡಯಾಲಿಸಿಸ್ ಮಾಡಿಕೊಳ್ಳುತ್ತಿರುವವರ ಕರೆಗೆ ಓಗೊಡುವವರು ಯಾರು? ಬಹುಮಟ್ಟಿಗೆ ಚೀಲ ಮಾರುವ ಕಂಪನಿಗಳು ನೇಮಿಸಿಕೊಂಡ ಸಂಯೋಜಕರು. ರೋಗಿಗೆ ತರಬೇತಿ ಕೊಡುವವರು, ಮನೆಗೆ ಬಂದು ಕೋಣೆ ನೋಡುವವರು, ಫೋನಿನಲ್ಲಿ ವಿಚಾರಿಸುವವರು ಅವರೇ. ಅವರಲ್ಲಿ ಅನೇಕರು ಅತ್ಯಂತ ಶ್ರದ್ಧೆಯಿಂದ ದುಡಿಯುತ್ತಾರೆ, ಅದನ್ನು ಅಲ್ಲಗಳೆಯಲಾಗದು. ಆದರೂ ಚಿಕಿತ್ಸೆಯ ಸಲಹೆಗಾರ ಮತ್ತು ಸರಕಿನ ಮಾರಾಟಗಾರ ಒಂದೇ ಸಂಸ್ಥೆಯ ಸಂಬಳದಲ್ಲಿರುವುದು ಆರೋಗ್ಯಕರ ಏರ್ಪಾಡಲ್ಲ. ರೋಗಿಗಳ ಸಂಖ್ಯೆ ಕಡಿಮೆಯಿರುವ ತಾಲ್ಲೂಕಿಗೆ ಸಂಯೋಜಕರನ್ನು ಇಡುವುದು ಕಂಪನಿಗೆ ಲಾಭದಾಯಕವಲ್ಲ. ಸಂಯೋಜಕರಿಲ್ಲದ ತಾಲ್ಲೂಕಿನಲ್ಲಿ ರೋಗಿಗಳ ಸಂಖ್ಯೆ ಬೆಳೆಯುವುದೂ ಇಲ್ಲ.

ಕಂಪನಿಗಳು ಕೈ ಬದಲಾಗುತ್ತವೆ ಎಂಬುದನ್ನೂ ಮರೆಯುವಂತಿಲ್ಲ. ಈ ಕ್ಷೇತ್ರದ ದೈತ್ಯ ಬ್ಯಾಕ್ಸ್‌ಟರ್ ತನ್ನ ಮೂತ್ರಪಿಂಡ ಚಿಕಿತ್ಸಾ ವಿಭಾಗವನ್ನು ಕಾರ್ಲೈಲ್ ಎಂಬ ಹೂಡಿಕೆ ಸಂಸ್ಥೆಗೆ ಮಾರಿ, 2025ರ ಜನವರಿ ಅಂತ್ಯಕ್ಕೆ ಅದು ವಾಂಟಿವ್ ಎಂಬ ಬೇರೆ ಕಂಪನಿಯಾಯಿತು. ಅದಕ್ಕೂ ಮೊದಲು 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತದಿಂದ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿರುವ ಬ್ಯಾಕ್ಸ್‌ಟರ್ ಕಾರ್ಖಾನೆ ಮುಳುಗಿ, ಆ ಶ್ರೀಮಂತ ದೇಶದಲ್ಲೇ ಉದರ ಡಯಾಲಿಸಿಸ್ ದ್ರಾವಣಕ್ಕೆ ತತ್ವಾರ ಉಂಟಾಯಿತು. ನಮ್ಮಲ್ಲಿಯೇ ತಾಲ್ಲೂಕು ಆಸ್ಪತ್ರೆಗಳ ಡಯಾಲಿಸಿಸ್ ಘಟಕಗಳನ್ನು ಗುತ್ತಿಗೆ ಪಡೆದ ಖಾಸಗಿ ಸಂಸ್ಥೆಯು ಹಿಂದೆ ಸರಿದು, ಸಿಬ್ಬಂದಿ ಸಂಬಳವಿಲ್ಲದೆ ಬೀದಿಗಿಳಿದು, ರೋಗಿಗಳು ಪರದಾಡಿದ ಘಟನೆ ಇನ್ನೂ ಹಳೆಯದಾಗಿಲ್ಲ. ಆಸ್ಪತ್ರೆಯ ಘಟಕ ಮುಚ್ಚಿದರೆ ಕನಿಷ್ಠ ಸುದ್ದಿಯಾಗುತ್ತದೆ. ಒಬ್ಬ ಸಂಯೋಜಕಿಯ ಫೋನ್ ಸ್ತಬ್ಧವಾದರೆ ಅದನ್ನು ಬರೆಯುವವರೂ ಇರುವುದಿಲ್ಲ. ಗುತ್ತಿಗೆಯಲ್ಲಿ ಚೀಲ ಕೊಳ್ಳಲಿ, ತೊಂದರೆಯಿಲ್ಲ. ಫೋನ್ ಎತ್ತುವ ದಾದಿ ಮಾತ್ರ ಸರ್ಕಾರದವಳಾಗಿರಬೇಕು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಥಾಯ್ಲೆಂಡ್‌ನ ಅನುಭವ ಇಲ್ಲಿ ನೆನೆಯತಕ್ಕದ್ದು. ಆ ದೇಶ 2008ರಲ್ಲಿ ತನ್ನ ಸಾರ್ವತ್ರಿಕ ಆರೋಗ್ಯ ಯೋಜನೆಯಡಿ ಉದರ ಡಯಾಲಿಸಿಸ್‌ಗೇ ಮೊದಲ ಪ್ರಾಶಸ್ತ್ಯ ಕೊಟ್ಟಿತು. ಸರ್ಕಾರಿ ಔಷಧ ಸಂಸ್ಥೆ ದ್ರಾವಣವನ್ನು ಕೊಂಡು ಕೊಟ್ಟರೆ, ಅಂಚೆ ಇಲಾಖೆ ಅದನ್ನು ಮನೆಗೆ ಮುಟ್ಟಿಸಿತು. ಹಳ್ಳಿಯ ಆರೋಗ್ಯ ಸ್ವಯಂಸೇವಕರು ರೋಗಿಗಳನ್ನು ಕಂಡುಬಂದರು. 2022ರಲ್ಲಿ ಯಾವ ವಿಧಾನ ಬೇಕೆಂಬುದನ್ನು ರೋಗಿಗಳಿಗೇ ಬಿಟ್ಟಾಗ ಬಹಳಷ್ಟು ಮಂದಿ ಆಸ್ಪತ್ರೆಯ ಯಂತ್ರದ ಕಡೆಗೆ ವಾಲಿದರು, ವೆಚ್ಚ ಏರಿತು. 2025ರಲ್ಲಿ ಮತ್ತೆ ಉದರ ಡಯಾಲಿಸಿಸ್‌ಗೆ ಆದ್ಯತೆ ನೀಡಲಾಯಿತು. ಸರ್ಕಾರವೇ ಹದಿನಾಲ್ಕು ವರ್ಷ ಬೆನ್ನಿಗೆ ನಿಂತ ದೇಶದಲ್ಲೂ ಅವಕಾಶ ಸಿಕ್ಕಾಗ ಜನ ಯಂತ್ರದ ಕಡೆಗೇ ಹೋದರೆಂಬುದನ್ನು ಮನೆಚಿಕಿತ್ಸೆಯ ಪ್ರತಿಪಾದಕರು ಗಂಭೀರವಾಗಿ ತೆಗೆದುಕೊಳ್ಳಬೇಕು. ಮನೆಯಲ್ಲಿ ದಿನಕ್ಕೆ ನಾಲ್ಕು ಸಲ, ವರ್ಷಕ್ಕೆ 365 ದಿನ ಈ ಕೆಲಸ ಮಾಡುವುದು ಬೇಸರ ತರುತ್ತದೆ, ಭಯ ತರುತ್ತದೆ.

ಆ ಕೆಲಸ ಮಾಡುವವರು ಯಾರೆಂಬುದನ್ನೂ ಕೇಳಿಕೊಳ್ಳಬೇಕು. ಮಧುಮೇಹದಿಂದ ಕಣ್ಣು ಮಂಜಾದ, ಕೈ ನಡುಗುವ ಹಿರಿಯರು ತಾವೇ ಚೀಲ ಬದಲಾಯಿಸಿಕೊಳ್ಳಲಾರರು. ಹೆಂಡತಿ, ಸೊಸೆ ಅಥವಾ ಮಗಳ ಪಾಲಿಗೆ ಅದು ಬರುತ್ತದೆ. ರಬಕವಿ-ಬನಹಟ್ಟಿಯ ನೇಕಾರ ಕುಟುಂಬದಲ್ಲಿ ಕಂಡಿಕೆ ಸುತ್ತಿ ನಾಲ್ಕು ಕಾಸು ಗಳಿಸುವ ಹೆಣ್ಣುಮಗಳು ದಿನಕ್ಕೆ ನಾಲ್ಕು ಸಲ ಕೆಲಸ ಬಿಟ್ಟೇಳಬೇಕು. ಮಗ್ಗವಿರುವ ಮನೆಯಲ್ಲಿ ಹತ್ತಿಯ ಧೂಳು ಹಾರಾಡದ ಒಂದು ಮೂಲೆಯನ್ನು ಹುಡುಕುವುದೂ ಸುಲಭವಲ್ಲ. ಫ್ರಾನ್ಸ್ ದೇಶದಲ್ಲಿ ಇಂಥ ಹಿರಿಯರ ಮನೆಗೆ ದಾದಿಯರೇ ಬಂದು ಚೀಲ ಬದಲಾಯಿಸುವ ಪದ್ಧತಿ ದಶಕಗಳಿಂದ ಇದೆ, ವೆಚ್ಚವನ್ನು ಸಾರ್ವಜನಿಕ ವಿಮೆ ಭರಿಸುತ್ತದೆ. ನಮ್ಮಲ್ಲಿ ಅದು ದೂರದ ಮಾತು. ಕನಿಷ್ಠ ಪಕ್ಷ ಆರೈಕೆ ಮಾಡುವಾಕೆಗೆ ಫೋನಿನಲ್ಲಿ ವಿಚಾರಿಸುವವರಾದರೂ ಇರಲಿ. ದೂರದ ನಿಗಾ ಎಂದು ನಾವು ಕರೆಯುವುದರ ಅರ್ಧ ಪಾಲು ರೋಗಿಗಲ್ಲ, ಆಕೆಗೆ ಸಲ್ಲಬೇಕಾದದ್ದು.

ಈ ವಿಧಾನ ಎಲ್ಲರಿಗೂ ಹೊಂದುವುದಿಲ್ಲ ಎಂಬುದೂ ನಿಜ. ಹೊಟ್ಟೆಯ ದೊಡ್ಡ ಶಸ್ತ್ರಕ್ರಿಯೆಗಳಾಗಿದ್ದವರು, ಶುಚಿಯಾದ ಒಂದು ಕೋಣೆಯೂ ಇಲ್ಲದವರು, ನೋಡಿಕೊಳ್ಳುವವರಿಲ್ಲದವರು ಆಸ್ಪತ್ರೆಯ ಯಂತ್ರವನ್ನೇ ನೆಚ್ಚಬೇಕಾಗುತ್ತದೆ. ಆದ್ದರಿಂದ ತಾಲ್ಲೂಕು ಘಟಕಗಳನ್ನು ಕಡೆಗಣಿಸಿ ಎಲ್ಲರನ್ನೂ ಮನೆಗೆ ಅಟ್ಟುವ ಆಲೋಚನೆ ಯಾರಿಗೂ ಬರಬಾರದು.

ಬಾಗಲಕೋಟೆ ಜಿಲ್ಲೆಯಲ್ಲಿ ಇದನ್ನು ಆರಂಭಿಸಲು ಬೇಕಾದದ್ದು ಅಪಾರವೇನಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ತರಬೇತಾದ ಇಬ್ಬರು ದಾದಿಯರು, ಹಗಲುರಾತ್ರಿ ಎತ್ತುವ ಒಂದು ಫೋನ್, ರೋಗಿಯ ದಿನಚರಿ ದಾಖಲಾಗುವ ಒಂದು ಕಡತ. ಬಾಗಲಕೋಟೆ ಅಥವಾ ವಿಜಯಪುರದ ವೈದ್ಯಕೀಯ ಕಾಲೇಜುಗಳ ತಜ್ಞರೊಬ್ಬರೊಡನೆ ದಾದಿಗೆ ನೇರ ಸಂಪರ್ಕ. ಜಮಖಂಡಿ, ಮುಧೋಳ, ಬೀಳಗಿಯ ಸರ್ಕಾರಿ ಆಸ್ಪತ್ರೆಗಳ ಪ್ರಯೋಗಾಲಯಗಳಲ್ಲಿ ದ್ರಾವಣದ ಕಣ ಎಣಿಸುವುದು, ಕಲ್ಚರ್ ಸೀಸೆಗೆ ತುಂಬಿ ಕಳುಹಿಸುವುದು ರಾತ್ರಿಯ ವೇಳೆಯೂ ಸಾಧ್ಯವಾಗಬೇಕು. ಸಾವಳಗಿಯಂಥ ಹೋಬಳಿಯ ಸರ್ಕಾರಿ ಆರೋಗ್ಯ ಕೇಂದ್ರದ ಕಪಾಟಿನಲ್ಲಿ ಮೊದಲ ಡೋಸ್‌ನ ಪ್ರತಿಜೈವಿಕ ಔಷಧವೂ, ಅದನ್ನು ದ್ರಾವಣದ ಚೀಲಕ್ಕೆ ಸೇರಿಸುವ ವಿಧಾನವನ್ನು ಕನ್ನಡದಲ್ಲಿ ಬರೆದ ಒಂದು ಹಾಳೆಯೂ ಇರಬೇಕು. ಈ ಕೊನೆಯ ಏರ್ಪಾಡು ಇಲ್ಲದಿದ್ದರೆ ಮೇಲಿನದೆಲ್ಲ ನಿಷ್ಪ್ರಯೋಜಕ. ಫೋನಿನಲ್ಲಿ ಸೋಂಕೆಂದು ಸರಿಯಾಗಿ ಗುರುತಿಸಿ, ಔಷಧಕ್ಕಾಗಿ ನೂರು ಕಿಲೋಮೀಟರ್ ಹೋಗಿರೆಂದು ಹೇಳುವ ವ್ಯವಸ್ಥೆಯನ್ನು ಕಟ್ಟಿಯಾದರೂ ಏನು ಫಲ? ಎಷ್ಟು ಮಂದಿಗೆ ಸೋಂಕು ತಗಲಿತು ಎಂಬುದನ್ನು ಜಿಲ್ಲೆ ಪ್ರತಿವರ್ಷ ಪ್ರಕಟಿಸಬೇಕು. ಒಬ್ಬ ರೋಗಿಗೆ ವರ್ಷಕ್ಕೆ 0.4ಕ್ಕಿಂತ ಹೆಚ್ಚಾಗಬಾರದು, ಅಂದರೆ ಎರಡೂವರೆ ವರ್ಷಕ್ಕೆ ಒಂದಕ್ಕಿಂತ ಮೀರಬಾರದು ಎಂಬುದು ಉದರ ಡಯಾಲಿಸಿಸ್‌ನ ಅಂತರರಾಷ್ಟ್ರೀಯ ಸಂಘವು 2022ರಲ್ಲಿ ವಿಧಿಸಿದ ಮಾನದಂಡ.

ಇನ್ನೊಂದು ವಿಚಾರ, ಈ ಭಾಗಕ್ಕೇ ವಿಶಿಷ್ಟವಾದದ್ದು. ಜಮಖಂಡಿಯಿಂದ ವಿಜಯಪುರದ ಕಡೆಗೆ ಹೋಗುವಾಗ ಕೃಷ್ಣೆಗೆ ಅಡ್ಡಲಾಗಿ ಚಿಕ್ಕಪಡಸಲಗಿಯ ಬ್ಯಾರೇಜ್ ಸಿಗುತ್ತದೆ. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ವಂತಿಗೆ ಹಾಕಿ, ಶ್ರಮ ಸುರಿದು 1989ರಲ್ಲಿ ಕಟ್ಟಿಕೊಂಡದ್ದು ಅದು. ಬೇಸಿಗೆಯಲ್ಲಿ ನೀರು ಕೊಡುವ ಇದೇ ನದಿ 2019ರ ಆಗಸ್ಟ್‌ನಲ್ಲಿ ಉಕ್ಕಿ ತಾಲ್ಲೂಕಿನ ಅನೇಕ ತೀರಗ್ರಾಮಗಳನ್ನು ನೀರಿನಲ್ಲಿ ನಿಲ್ಲಿಸಿತು. ಅಂಥ ದಿನಗಳಲ್ಲಿ ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಬೇಕಾದವರ ಗತಿಯೇನು ಎಂದು ಯೋಚಿಸಿದರೆ ಮನೆಯ ಡಯಾಲಿಸಿಸ್ ದೊಡ್ಡ ಆಸರೆಯಾಗಿ ಕಾಣುತ್ತದೆ. ಆದರೆ ಚೀಲಗಳ ಲಾರಿಯೂ ಅದೇ ರಸ್ತೆಯಲ್ಲಿ ಬರಬೇಕಲ್ಲವೇ? ಕರಿಮಣ್ಣಿನ ತೋಟದ ದಾರಿಗಳು ಎರಡು ಮಳೆಗೇ ಗಾಡಿ ಹೋಗದಂತಾಗುತ್ತವೆ. ಕೆಲವು ವಾರಗಳಿಗೆ ಹೆಚ್ಚುವರಿಯಾಗಿ ಬೇಕಾಗುವ ಚೀಲಗಳು ಜುಲೈ ಹೊತ್ತಿಗೇ ನದೀತೀರದ ಮನೆಗಳನ್ನು ಸೇರಿರಬೇಕು. ಪ್ರವಾಹ ಬಂದಾಗ ದೋಣಿ ಕಳುಹಿಸಲು ತಹಶೀಲ್ದಾರರ ಕಚೇರಿ ಸಿದ್ಧಪಡಿಸುವ ಪಟ್ಟಿಯಲ್ಲಿ ಗರ್ಭಿಣಿಯರ ಹೆಸರಿನ ಜೊತೆಗೆ ಡಯಾಲಿಸಿಸ್ ರೋಗಿಗಳ ಹೆಸರು, ಅವರ ಮನೆಯಲ್ಲಿ ಉಳಿದಿರುವ ಚೀಲಗಳ ಸಂಖ್ಯೆಯೂ ಇರಬೇಕು. ಆ ಸಂಖ್ಯೆಯನ್ನು ಪ್ರತಿ ಸೋಮವಾರ ಫೋನ್ ಮಾಡಿ ಕೇಳಿ ಬರೆದುಕೊಳ್ಳಲು ಒಬ್ಬ ದಾದಿಗೆ ಅರ್ಧ ದಿನವೂ ಹಿಡಿಯಲಾರದು.